ಎಕ್ಸ್‌ರೇಯಲ್ಲಿ ಮೂಳೆ ಮಸುಕಾಗಿ ಕಂಡರೆ: ಆಸ್ಟಿಯೋಪೋರೋಸಿಸ್ ಯಾವುದು, ಅದರಂತೆ ಕಾಣುವ ಬೇರೆ ಕಾಯಿಲೆ ಯಾವುದು?

ವಯಸ್ಸಾದ ಹೆಂಗಸು, ತಿಂಗಳುಗಟ್ಟಲೆ ಬೆನ್ನು ನೋವು, ಎಕ್ಸ್‌ರೇಯಲ್ಲಿ ಮೂಳೆಗಳೆಲ್ಲ ಮಸುಕು. ರಿಪೋರ್ಟಿನಲ್ಲಿ ‘ಆಸ್ಟಿಯೋಪೋರೋಟಿಕ್ ಚೇಂಜಸ್’, ಅಂದರೆ ಮೂಳೆ ಸವೆತದ ಲಕ್ಷಣ, ಎಂಬ ಒಂದು ಸಾಲು ಬೀಳುತ್ತದೆ. ಕ್ಯಾಲ್ಸಿಯಂ ಮಾತ್ರೆ, ಜೊತೆಗೆ ಮೂಳೆ ಸವೆತ ತಡೆಯಲು ವಾರಕ್ಕೊಂದು ಅಲೆಂಡ್ರೊನೇಟ್ ಮಾತ್ರೆ ಶುರುವಾಗುತ್ತದೆ. ಬಹಳ ಸಲ ಇದು ಸರಿಯೇ ಇರುತ್ತದೆ. ಆದರೆ ಅದೇ ಮಸುಕಿನ ಹಿಂದೆ, ಖನಿಜವಿಲ್ಲದೆ ಮೂಳೆ ಮೆತ್ತಗಾಗುವ ಆಸ್ಟಿಯೋಮಲೇಶಿಯಾ ಇರಬಹುದು. ರಕ್ತದ ಕ್ಯಾಲ್ಸಿಯಂ ನಿಯಂತ್ರಿಸುವ, ಕತ್ತಿನಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿಯ ಗಡ್ಡೆ ಇರಬಹುದು. ಸದ್ದಿಲ್ಲದೆ ಕೆಟ್ಟುಹೋದ ಕಿಡ್ನಿ ಇರಬಹುದು. ಮೈಲೋಮಾ ಎಂಬ ಕ್ಯಾನ್ಸರ್ ಕೂಡ ಇರಬಹುದು. ಒಂದೊಂದಕ್ಕೂ ಚಿಕಿತ್ಸೆ ಬೇರೆ. ಒಂದರ ಔಷಧ ಇನ್ನೊಂದಕ್ಕೆ ಹಾನಿ ಮಾಡುವುದೂ ಉಂಟು.

ತಾಲ್ಲೂಕು ಆಸ್ಪತ್ರೆಯಲ್ಲಿ ಈಗಷ್ಟೇ ಕೆಲಸಕ್ಕೆ ಸೇರಿದ ವೈದ್ಯರು, ರೇಡಿಯಾಲಜಿ ಕಲಿಯುತ್ತಿರುವವರು, ಎಕ್ಸ್‌ರೇ ಟೆಕ್ನಿಷಿಯನ್ನರು, ಇವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಮನೆಯವರ ಫಿಲ್ಮು ಕೈಯಲ್ಲಿ ಹಿಡಿದು ಯೋಚಿಸುತ್ತಿರುವವರಿಗೂ ಅರ್ಥವಾಗಬೇಕು ಎಂಬುದು ನನ್ನ ಆಸೆ. ನಾನು ಹೇಳಬೇಕಾದ ಮುಖ್ಯ ಮಾತು ಒಂದೇ: ಮೂಳೆ ಎಷ್ಟು ಕಪ್ಪಗಿದೆ ಎಂದು ನೋಡಿ ಕಾಯಿಲೆಯ ಹೆಸರು ಹೇಳಬೇಡಿ. ಗೆರೆಗಳನ್ನು ನೋಡಿ, ಅಂಚುಗಳನ್ನು ನೋಡಿ, ಆಕಾರ ನೋಡಿ.

ಮಸುಕನ್ನು ಎಷ್ಟು ನಂಬಬಹುದು?

ತುಂಬಾ ಕಡಿಮೆ. ಮೂಳೆಯ ಖನಿಜ ಸುಮಾರು 30ರಿಂದ 50 ಶೇಕಡಾ ಕರಗಿದ ಮೇಲಷ್ಟೇ ಸಾದಾ ಎಕ್ಸ್‌ರೇಯಲ್ಲಿ ಕಣ್ಣಿಗೆ ತಿಳಿಯುವಷ್ಟು ಮಸುಕಾಗುತ್ತದೆ. ಹಾಗಾಗಿ ‘ಎಕ್ಸ್‌ರೇ ನಾರ್ಮಲ್, ಮೂಳೆ ಗಟ್ಟಿಯಾಗಿದೆ’ ಎಂದು ಯಾರಿಗೂ ಭರವಸೆ ಕೊಡಬಾರದು.

ತಿರುಗಿಸಿ ನೋಡಿದರೂ ಅಷ್ಟೇ. ಕೆವಿ (ಯಂತ್ರಕ್ಕೆ ಕೊಡುವ ವೋಲ್ಟೇಜ್) ಜಾಸ್ತಿಯಾದರೆ ಒಳ್ಳೆಯ ಮೂಳೆಯೂ ಸವೆದಂತೆ ಕಾಣುತ್ತದೆ. ರೋಗಿ ದಪ್ಪಗಿದ್ದರೆ ಚಿತ್ರವೆಲ್ಲ ಬೂದು ಬೂದಾಗುತ್ತದೆ. ಈಗಿನ ಡಿಜಿಟಲ್ ಯಂತ್ರಗಳಲ್ಲಿ ಇನ್ನೊಂದು ತೊಡಕಿದೆ. ಸಾಫ್ಟ್‌ವೇರ್ ತಾನೇ ಬೆಳಕು-ಕತ್ತಲೆಯನ್ನು ಸರಿಮಾಡಿ ಚಂದದ ಚಿತ್ರ ಕೊಡುತ್ತದೆ. ನೋಡುವವರು ಮೌಸ್ ಎಳೆದರೆ ಅದೇ ಮೂಳೆ ಬೆಳ್ಳಗೂ ಆಗುತ್ತದೆ, ಕಪ್ಪಗೂ ಆಗುತ್ತದೆ. ಆದ್ದರಿಂದ ಬರೀ ಮಸುಕು ಕಂಡಾಗ ರಿಪೋರ್ಟಿನಲ್ಲಿ ‘ಮೂಳೆಯ ಸಾಂದ್ರತೆ ಕಡಿಮೆ ಇರುವಂತೆ ಕಾಣುತ್ತದೆ, ಕಾರಣ ಹುಡುಕಬೇಕು’ ಎಂದು ಬರೆಯುವುದು ಪ್ರಾಮಾಣಿಕ. ಆಸ್ಟಿಯೋಪೋರೋಸಿಸ್ ಎಂಬ ಹೆಸರು ಬರೆಯಲು ಬೇರೆ ಸಾಕ್ಷಿ ಬೇಕು.

ಆಸ್ಟಿಯೋಪೋರೋಸಿಸ್: ಮೂಳೆ ಕಡಿಮೆ, ಉಳಿದದ್ದು ಸ್ಪಷ್ಟ

ಈ ಕಾಯಿಲೆಯಲ್ಲಿ ಮೂಳೆಯ ಪ್ರಮಾಣ ಕಡಿಮೆಯಾಗುತ್ತದೆ. ಉಳಿದ ಮೂಳೆಯಲ್ಲಿ ಖನಿಜ ಸರಿಯಾಗಿಯೇ ಕೂತಿರುತ್ತದೆ. ಈ ಒಂದು ವಿಷಯ ನೆನಪಿದ್ದರೆ ಅರ್ಧ ಕೆಲಸ ಮುಗಿಯಿತು. ಉಳಿದ ಗೆರೆಗಳು ತೆಳ್ಳಗಿರುತ್ತವೆ, ಆದರೆ ಪೆನ್ಸಿಲಿನಲ್ಲಿ ಎಳೆದಷ್ಟು ಚೂಪಾಗಿರುತ್ತವೆ.

ಕಶೇರುಗಳಲ್ಲಿ, ಅಂದರೆ ಬೆನ್ನುಮೂಳೆಯ ಒಂದೊಂದು ಬಿಲ್ಲೆಯಲ್ಲಿ, ಇದು ಚೆನ್ನಾಗಿ ಕಾಣುತ್ತದೆ. ಮೊದಲು ಮೂಳೆಯೊಳಗಿನ ಅಡ್ಡ ಎಳೆಗಳು ಹೋಗುತ್ತವೆ. ಭಾರ ಹೊರುವ ಉದ್ದ ಎಳೆಗಳು ಉಳಿದು ಎದ್ದು ಕಾಣುತ್ತವೆ. ಆಮೇಲೆ ಒಳಭಾಗವೆಲ್ಲ ಖಾಲಿಯಾಗಿ, ಸುತ್ತಲಿನ ತೆಳು ಬಿಳಿ ಅಂಚು ಮಾತ್ರ ಉಳಿಯುತ್ತದೆ. ಕೊನೆಗೆ ಕಶೇರು ಕುಸಿಯುತ್ತದೆ. ಮುಂದಿನ ಎತ್ತರ ಕಡಿಮೆಯಾದರೆ ಬೆಣೆಯ ಆಕಾರ, ನಡುವೆ ಕುಗ್ಗಿದರೆ ಮೇಲೂ ಕೆಳಗೂ ಹಳ್ಳ ಬಿದ್ದ ಆಕಾರ, ಇಡಿಯಾಗಿ ಕುಸಿದರೆ ಚಪ್ಪಟೆ. ಎದೆಯ ಬೆನ್ನುಮೂಳೆಯ ಮಧ್ಯಭಾಗ, ಮತ್ತು ಎದೆ-ಸೊಂಟ ಸೇರುವ ಟಿ12, ಎಲ್1 (ಎದೆಯ ಹನ್ನೆರಡನೇ, ಸೊಂಟದ ಮೊದಲನೇ ಕಶೇರು), ಇವು ಜಾಸ್ತಿ ಕುಸಿಯುವ ಜಾಗಗಳು.

ಕುಸಿತವನ್ನು ಅಳೆಯಲು 1993ರಲ್ಲಿ ಬಂದ ಜೆನಂಟ್ ವಿಧಾನ ಸಾಕು. ಎತ್ತರ 20ರಿಂದ 25 ಶೇಕಡಾ ಕಡಿಮೆಯಾಗಿದ್ದರೆ ಒಂದನೇ ದರ್ಜೆ, 25ರಿಂದ 40 ಇದ್ದರೆ ಎರಡನೆಯದು, 40ಕ್ಕಿಂತ ಜಾಸ್ತಿ ಇದ್ದರೆ ಮೂರನೆಯದು. ಇದಕ್ಕೆ ಪಕ್ಕದಿಂದ ತೆಗೆದ ಲ್ಯಾಟರಲ್ ಫಿಲ್ಮು ಬೇಕೇ ಬೇಕು. ಎದುರಿನ ಫಿಲ್ಮಿನಲ್ಲಿ ಬೆಣೆ ಆಕಾರ ತಪ್ಪಿಸಿಕೊಳ್ಳುತ್ತದೆ. ಎದೆಯ ಎಕ್ಸ್‌ರೇ ಎಂದು ತೆಗೆದ ಲ್ಯಾಟರಲ್ ಫಿಲ್ಮಿನಲ್ಲೂ ಬೆನ್ನುಮೂಳೆಯನ್ನು ಒಮ್ಮೆ ನೋಡಿ. ನೋವಿಲ್ಲದೆ ಕುಸಿದ ಕಶೇರುಗಳು ಎಷ್ಟೋ ಸಲ ಸಿಗುವುದು ಅಲ್ಲಿಯೇ. ವಯಸ್ಸಾದವರಲ್ಲಿ, ದೊಡ್ಡ ಪೆಟ್ಟು ಬೀಳದೆ ಒಂದು ಕಶೇರು ಹೀಗೆ ಕುಸಿದಿದ್ದು ಬೇರೆ ಕಾರಣ ಸಿಗದಿದ್ದರೆ, ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನಿನ ಅಂಕಿ ಏನೇ ಇರಲಿ, ಅದು ಆಸ್ಟಿಯೋಪೋರೋಸಿಸ್ಸೇ.

ಇಲ್ಲಿ ಮೋಸ ಹೋಗುವ ಜಾಗಗಳೂ ಇವೆ. ಎಕ್ಸ್‌ರೇ ಕಿರಣ ಓರೆಯಾಗಿ ಬಿದ್ದರೆ ಸರಿಯಿರುವ ಕಶೇರುವೂ ಹಳ್ಳ ಬಿದ್ದಂತೆ ಕಾಣುತ್ತದೆ. ಆಗ ಅಂಚು ಎರಡೆರಡು ಗೆರೆಯಾಗಿ ಕಾಣುವುದೇ ಸುಳಿವು. ಸೊಂಟದ ಕೆಳಗಿನ ಕಶೇರುಗಳ ತಳದಲ್ಲಿ ಬಿಲ್ಲಿನಂಥ ಬಾಗು ಹುಟ್ಟಿನಿಂದಲೇ ಇರಬಹುದು. ಹದಿಹರೆಯದಲ್ಲಿ ಬರುವ ಶುಯರ್‌ಮನ್ ಕಾಯಿಲೆಯಲ್ಲಿ ಸಾಲಾಗಿ ಹಲವು ಕಶೇರುಗಳು ಬೆಣೆಯಾಗುತ್ತವೆ. ಅಲ್ಲಿ ಅಂಚುಗಳು ಅಂಕುಡೊಂಕಾಗಿರುತ್ತವೆ, ಮೂಳೆ ಮಸುಕಾಗಿರುವುದಿಲ್ಲ.

ತೊಡೆಮೂಳೆಯ ಮೇಲ್ಭಾಗದ ಎಳೆಗಳನ್ನು ಓದಲು ನಮ್ಮ ದೇಶದವರೇ ಆದ ಮನಮೋಹನ ಸಿಂಗ್ ಎಂಬ ವೈದ್ಯರು (ಪ್ರಧಾನಿಯಾಗಿದ್ದವರಲ್ಲ) ಮತ್ತು ಸಂಗಡಿಗರು 1970ರಲ್ಲಿ ಒಂದು ಸೂಚ್ಯಂಕ ಕೊಟ್ಟರು. ಆರನೇ ದರ್ಜೆ ಎಂದರೆ ಎಲ್ಲ ಎಳೆಗಳೂ ಇವೆ. ಮೂರಕ್ಕೆ ಇಳಿದರೆ ಮುಖ್ಯವಾದ ಎಳೆಗಳೇ ತುಂಡಾಗಿವೆ ಎಂದರ್ಥ. ಇಬ್ಬರು ನೋಡಿದರೆ ಎರಡು ದರ್ಜೆ ಹೇಳುತ್ತಾರೆ ಎಂಬುದು ಇದರ ದೊಡ್ಡ ಕೊರತೆ. ಆದರೂ ಡೆಕ್ಸಾ ಯಂತ್ರ ಹತ್ತಿರದಲ್ಲಿಲ್ಲದ ಊರಿನಲ್ಲಿ ‘ಇವರನ್ನು ಕಳಿಸಲೇಬೇಕು’ ಎಂದು ನಿರ್ಧರಿಸಲು ಇದು ನೆರವಾಗುತ್ತದೆ. ಕೈ ಫಿಲ್ಮು ಇದ್ದರೆ ತೋರುಬೆರಳಿನ ಬುಡದ ಅಂಗೈ ಮೂಳೆಯ ನಡುಭಾಗ ನೋಡಿ. ಎರಡೂ ಕಡೆಯ ಹೊರಪದರ ಸೇರಿ ಮೂಳೆಯ ಅಗಲದ ಅರ್ಧದಷ್ಟಾದರೂ ಇರಬೇಕು.

ಆಸ್ಟಿಯೋಮಲೇಶಿಯಾ: ಗೆರೆಗಳೇ ಕಲಸಿಹೋದ ಮೂಳೆ

ನನ್ನ ದೃಷ್ಟಿಯಲ್ಲಿ ಇಡೀ ಹೋಲಿಕೆಯ ಹೃದಯ ಇಲ್ಲಿದೆ. ಆಸ್ಟಿಯೋಮಲೇಶಿಯಾದಲ್ಲಿ ಮೂಳೆಯ ಹಂದರ ಇರುತ್ತದೆ, ಅದರ ಮೇಲೆ ಕೂರಬೇಕಾದ ಖನಿಜ ಇರುವುದಿಲ್ಲ. ಹೆಚ್ಚಾಗಿ ಕಾರಣ ಡಿ ವಿಟಮಿನ್ ಕೊರತೆ. ವರ್ಷವಿಡೀ ಬಿಸಿಲಿರುವ ನಮ್ಮ ನಾಡಿನಲ್ಲೂ ಇದು ಧಾರಾಳವಾಗಿದೆ. ಮನೆಯೊಳಗೇ ದಿನ ಕಳೆಯುವವರು, ಮೈಪೂರ್ತಿ ಮುಚ್ಚುವ ಬಟ್ಟೆ ತೊಡುವವರು, ಮೇಲಿಂದ ಮೇಲೆ ಬಸಿರು-ಬಾಣಂತನ ಕಂಡವರು, ವರ್ಷಗಟ್ಟಲೆ ಫಿಟ್ಸ್ ಮಾತ್ರೆ ತೆಗೆದುಕೊಳ್ಳುವವರು, ಇವರಲ್ಲಿ ಹುಡುಕಿ ನೋಡಬೇಕು.

ಎಕ್ಸ್‌ರೇಯಲ್ಲಿ ಆಸ್ಟಿಯೋಪೋರೋಸಿಸ್ಸಿನ ಚೂಪು ಗೆರೆಗಳು ಇಲ್ಲಿರುವುದಿಲ್ಲ. ರಬ್ಬರಿನಿಂದ ಅರೆಬರೆ ಒರೆಸಿದಂತೆ ಎಳೆಗಳು ಮಬ್ಬಾಗಿರುತ್ತವೆ. ಫಿಲ್ಮು ತೆಗೆಯುವಾಗ ರೋಗಿ ಅಲುಗಾಡಿದರೇನೋ ಎನ್ನಿಸುತ್ತದೆ. ಇನ್ನೊಮ್ಮೆ ತೆಗೆಸಿದರೂ ಅದೇ ಮಬ್ಬು ಬಂದರೆ ಎಚ್ಚರವಾಗಿ.

ಖಚಿತವಾದ ಗುರುತು ಎಂದರೆ ಲೂಸರ್ ವಲಯ. ಮೂಳೆಯ ಅಂಚಿಗೆ ನೇರ ಅಡ್ಡವಾಗಿ, ಒಳಕ್ಕೆ ಸ್ವಲ್ಪ ದೂರ ಹೋಗಿ ನಿಲ್ಲುವ ಒಂದು ಕಪ್ಪು ಪಟ್ಟಿ. ಅದರ ಎರಡೂ ಬದಿಗೆ ತುಸು ಬಿಳಿ ಅಂಚಿರಬಹುದು. ಬಹಳ ಸಲ ಎಡಕ್ಕೂ ಬಲಕ್ಕೂ ಒಂದೇ ಜಾಗದಲ್ಲಿ ಇರುತ್ತದೆ. ಹುಡುಕಬೇಕಾದ ಜಾಗಗಳು: ತೊಡೆಮೂಳೆಯ ಕತ್ತಿನ ಒಳಬದಿ, ಪೆಲ್ವಿಸ್ಸಿನ (ಸೊಂಟದ ಮೂಳೆಗೂಡಿನ) ಮುಂಭಾಗದ ಪ್ಯೂಬಿಕ್ ರೇಮಸ್, ಹೆಗಲ ಮೂಳೆಯ ಹೊರ ಅಂಚು, ಪಕ್ಕೆಲುಬು, ಮುಂಗೈಯ ಅಲ್ನಾ ಮೂಳೆ. ‘ಮೈಯೆಲ್ಲ ನೋವು, ಮೆಟ್ಟಿಲು ಹತ್ತಲು ಆಗಲ್ಲ, ನೆಲದಿಂದ ಏಳಲು ಆಗಲ್ಲ’ ಎನ್ನುವ, ಬಾತುಕೋಳಿಯಂತೆ ತೂಗಾಡಿ ನಡೆಯುವ ಹೆಂಗಸು ಬಂದರೆ ಬೆನ್ನಿನ ಫಿಲ್ಮಿನ ಜೊತೆಗೆ ಪೆಲ್ವಿಸ್ ಫಿಲ್ಮನ್ನೂ ತೆಗೆಸಿ. ಇಂಥವರಿಗೆ ‘ಎಲ್ಲ ಮನಸ್ಸಿನದು’ ಎಂದು ಹೇಳಿ ಕಳಿಸುವುದು ನಡೆಯುತ್ತಲೇ ಇದೆ. ಸರಿಯಾದ ಡಿ ವಿಟಮಿನ್ ಚಿಕಿತ್ಸೆಯಿಂದ ಅವರು ಮತ್ತೆ ನೆಟ್ಟಗೆ ನಡೆಯಬಲ್ಲರು. ಅದಕ್ಕೇ ಈ ಕಪ್ಪು ಪಟ್ಟಿಯನ್ನು ಹುಡುಕುವ ಶ್ರಮ ಸಾರ್ಥಕ.

ಲೂಸರ್ ವಲಯವನ್ನು ಇನ್ನೊಂದು ಬಿರುಕಿನಿಂದ ಬೇರೆ ಮಾಡಬೇಕು. ಅಲೆಂಡ್ರೊನೇಟ್, ಝೋಲೆಡ್ರೊನಿಕ್ ಆ್ಯಸಿಡ್ ಮುಂತಾದ ಬಿಸ್‌ಫಾಸ್ಫೊನೇಟ್ ಔಷಧಗಳನ್ನು ಹಲವು ವರ್ಷ ತೆಗೆದುಕೊಂಡವರಲ್ಲಿ ಕೆಲವರಿಗೆ ತೊಡೆಮೂಳೆಯಲ್ಲಿ ವಿಶೇಷ ಬಗೆಯ ಬಿರುಕು ಬರುತ್ತದೆ. ಅದು ಬರುವುದು ಹೊರಬದಿಯಲ್ಲಿ, ತೊಡೆಮೂಳೆಯ ಮೇಲ್ತುದಿಯ ಉಬ್ಬಾದ ಟ್ರೊಕ್ಯಾಂಟರಿನ ಕೆಳಗೆ ಅಥವಾ ಮೂಳೆಯ ಉದ್ದದ ಭಾಗದಲ್ಲಿ. ಅಲ್ಲಿ ಹೊರಪದರ ಕೊಕ್ಕಿನಂತೆ ಉಬ್ಬಿರುತ್ತದೆ. ಒಳಬದಿ ಎಂದರೆ ಲೂಸರ್ ಕಡೆಗೆ ಯೋಚಿಸಿ, ಹೊರಬದಿ ಎಂದರೆ ಔಷಧದ ಇತಿಹಾಸ ಕೇಳಿ. ಔಷಧದ ಬಿರುಕು ಕಂಡರೆ ಇನ್ನೊಂದು ಕಾಲನ್ನೂ ಎಕ್ಸ್‌ರೇ ಮಾಡಿಸಿ, ಅಲ್ಲೂ ಇರುವುದುಂಟು.

ಇವೆರಡನ್ನು ಬೇರೆ ಮಾಡುವುದು ಯಾಕೆ ಅಷ್ಟು ಮುಖ್ಯ? ಡಿ ವಿಟಮಿನ್ ಕೊರತೆ ಸರಿಮಾಡದೆ ಬಿಸ್‌ಫಾಸ್ಫೊನೇಟ್ ಕೊಟ್ಟರೆ, ಅದರಲ್ಲೂ ವರ್ಷಕ್ಕೊಮ್ಮೆಯ ಝೋಲೆಡ್ರೊನಿಕ್ ಡ್ರಿಪ್ ಹಾಕಿದರೆ, ರಕ್ತದ ಕ್ಯಾಲ್ಸಿಯಂ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಆದ್ದರಿಂದ ಔಷಧಕ್ಕೆ ಮೊದಲು ರಕ್ತ ಪರೀಕ್ಷೆ. ಸಾಮಾನ್ಯ ಆಸ್ಟಿಯೋಪೋರೋಸಿಸ್ಸಿನಲ್ಲಿ ಕ್ಯಾಲ್ಸಿಯಂ, ಫಾಸ್ಫೇಟ್, ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವ, ಮೂರೂ ಸರಿಯಾಗಿರುತ್ತವೆ. ಇತ್ತೀಚೆಗೆ ಮೂಳೆ ಮುರಿದಿದ್ದರೆ ಕೊನೆಯದು ತುಸು ಏರಿರಬಹುದು. ಆಸ್ಟಿಯೋಮಲೇಶಿಯಾದಲ್ಲಿ ಆಲ್ಕಲೈನ್ ಫಾಸ್ಫಟೇಸ್ ಏರುತ್ತದೆ, ಫಾಸ್ಫೇಟ್ ಇಳಿಯುತ್ತದೆ, ಕ್ಯಾಲ್ಸಿಯಂ ಕಡಿಮೆ ಅಥವಾ ಅಂಚಿನಲ್ಲಿರುತ್ತದೆ. ಡಿ ವಿಟಮಿನ್ ಸರಿಯಿದ್ದೂ ಫಾಸ್ಫೇಟ್ ಮಾತ್ರ ಕೆಳಗಿದ್ದರೆ ಕಿಡ್ನಿಯಿಂದ ಫಾಸ್ಫೇಟ್ ಸೋರುತ್ತಿದೆಯೇ ಎಂದು ನೋಡಬೇಕು. ಎಲ್ಲೋ ಅಡಗಿದ ಒಂದು ಸಣ್ಣ ಗಡ್ಡೆಯೂ ಹೀಗೆ ಮಾಡಿಸಬಲ್ಲದು. ಅಂಥವರನ್ನು ಎಂಡೋಕ್ರೈನ್ ತಜ್ಞರಿಗೆ ಕಳಿಸಿ.

ಮಕ್ಕಳಲ್ಲಿ: ರಿಕೆಟ್ಸ್ ಅಥವಾ ಸ್ಕರ್ವಿ

ಮಕ್ಕಳಲ್ಲಿ ಡಿ ವಿಟಮಿನ್ ಕೊರತೆ ರಿಕೆಟ್ಸ್ ಆಗಿ ಕಾಣುತ್ತದೆ. ಮಣಿಕಟ್ಟು ಮತ್ತು ಮೊಣಕಾಲು, ಈ ಎರಡು ಫಿಲ್ಮು ಸಾಕು. ಬೆಳೆಯುವ ತುದಿ ಅಗಲವಾಗಿ, ಬಟ್ಟಲಿನಂತೆ ಒಳಕ್ಕೆ ಬಾಗಿ, ಅಂಚು ಎಳೆ ಬಿಟ್ಟುಕೊಂಡಿರುತ್ತದೆ. ಸಿ ವಿಟಮಿನ್ ಕೊರತೆಯಿಂದ ಬರುವ ಸ್ಕರ್ವಿಯಲ್ಲಿ ಇದಕ್ಕೆ ಉಲ್ಟಾ. ತುದಿಯ ಗೆರೆ ದಪ್ಪಗೆ ಬಿಳಿಯಾಗಿರುತ್ತದೆ, ಎಪಿಫಿಸಿಸ್ (ಕೀಲಿನ ಕಡೆಯ ಮೂಳೆಯ ತುಣುಕು) ಒಳಗೆ ಮಸುಕು, ಸುತ್ತ ಚೂಪಾದ ಬಿಳಿ ಉಂಗುರ. ಊಟದಲ್ಲಿ ಒಂದೆರಡೇ ಪದಾರ್ಥ ತಿನ್ನುವ, ನಡೆಯಲು ಒಪ್ಪದ ಮಗುವಿನಲ್ಲಿ ಸ್ಕರ್ವಿಯನ್ನು ಮರೆಯಬೇಡಿ. ರಿಕೆಟ್ಸ್‌ಗೆ ಡಿ ವಿಟಮಿನ್ ಕೊಟ್ಟ ಕೆಲವೇ ವಾರಗಳಲ್ಲಿ ತುದಿಯಲ್ಲಿ ಹೊಸ ಬಿಳಿ ಗೆರೆ ಮೂಡುತ್ತದೆ. ಮೂಡದಿದ್ದರೆ ಡೋಸ್ ಹೆಚ್ಚಿಸುತ್ತಾ ಹೋಗಬೇಡಿ, ಫಾಸ್ಫೇಟ್ ಮತ್ತು ಕಿಡ್ನಿ ಪರೀಕ್ಷೆ ಮಾಡಿಸಿ.

ಪ್ಯಾರಾಥೈರಾಯ್ಡ್: ಉತ್ತರ ಬೆರಳುಗಳಲ್ಲಿದೆ

ಪ್ಯಾರಾಥೈರಾಯ್ಡ್ ಹಾರ್ಮೋನು ಜಾಸ್ತಿಯಾದಾಗ ಮೂಳೆ ಹೊರಗಿನಿಂದ ಕೊರೆಯುತ್ತದೆ. ತೋರುಬೆರಳು ಮತ್ತು ನಡುಬೆರಳಿನ ನಡುಗೆಣ್ಣಿನ ಮೂಳೆ ನೋಡಿ. ಹೆಬ್ಬೆರಳಿನ ಕಡೆಯ ಅಂಚು ನುಣುಪಾಗಿರಬೇಕು. ಅದು ಒರಟಾಗಿ, ಹುಳು ಮೆದ್ದಂತೆ ಕಂಡರೆ ಬೇರೆ ಪರೀಕ್ಷೆಗೆ ಕಾಯದೆ ಪ್ಯಾರಾಥೈರಾಯ್ಡ್ ಅನುಮಾನ ಬರೆಯಿರಿ. ಆಸ್ಟಿಯೋಪೋರೋಸಿಸ್ಸಿನಲ್ಲಿ ಹೊರಪದರ ತೆಳುವಾಗುವುದು ಒಳಗಿನಿಂದ, ಹೊರ ಅಂಚು ನುಣುಪಾಗಿಯೇ ಉಳಿಯುತ್ತದೆ. ಎರಡನ್ನೂ ಬೇರೆ ಮಾಡಲು ಇದಕ್ಕಿಂತ ಒಳ್ಳೆಯ, ಅಗ್ಗದ ಫಿಲ್ಮು ಇಲ್ಲ.

ತಲೆಬುರುಡೆಯಲ್ಲಿ ಉಪ್ಪು-ಮೆಣಸು ಚೆಲ್ಲಿದಂಥ ಚುಕ್ಕಿ, ಕಾಲರ್‌ಬೋನಿನ ಹೊರತುದಿ ಕರಗಿರುವುದು, ದವಡೆಯನ್ನು ಇಡಿಯಾಗಿ ತೋರಿಸುವ ದಂತವೈದ್ಯರ ಓಪಿಜಿ ಫಿಲ್ಮಿನಲ್ಲಿ ಹಲ್ಲಿನ ಬೇರಿನ ಸುತ್ತಲ ಬಿಳಿ ಗೆರೆ ಮಾಯವಾಗಿರುವುದು, ಇವೂ ಸುಳಿವುಗಳು. ಮೇಲಿಂದ ಮೇಲೆ ಕಿಡ್ನಿ ಕಲ್ಲಾಗಿದೆಯೇ ಎಂದು ಕೇಳಿ.

ಬ್ರೌನ್ ಟ್ಯೂಮರ್ ಬಗ್ಗೆ ಒಂದು ಎಚ್ಚರಿಕೆ. ಹೆಸರಿನಲ್ಲಿ ಟ್ಯೂಮರ್ ಇದ್ದರೂ ಇದು ಕ್ಯಾನ್ಸರ್ ಅಲ್ಲ, ಹಾರ್ಮೋನಿನಿಂದ ಮೂಳೆಯಲ್ಲಿ ಆದ ಟೊಳ್ಳು. ಬಯಾಪ್ಸಿಯಲ್ಲಿ ಇದೂ, ಮೂಳೆಯಲ್ಲೇ ಹುಟ್ಟುವ ಜೈಂಟ್ ಸೆಲ್ ಟ್ಯೂಮರ್ ಎಂಬ ಗಡ್ಡೆಯೂ ಒಂದೇ ರೀತಿ ಕಾಣಬಲ್ಲವು. ಆದ್ದರಿಂದ ಜೈಂಟ್ ಸೆಲ್ ಎಂದು ರಿಪೋರ್ಟ್ ಬಂದ ಮೇಲೆ ಆಪರೇಷನ್ನಿಗೆ ಮೊದಲು ಕ್ಯಾಲ್ಸಿಯಂ ಮತ್ತು ಪಿಟಿಎಚ್ (ಪ್ಯಾರಾಥೈರಾಯ್ಡ್ ಹಾರ್ಮೋನು) ಪರೀಕ್ಷೆ ಆಗಲೇಬೇಕು. ಗ್ರಂಥಿಯ ಗಡ್ಡೆ ತೆಗೆದರೆ ಮೂಳೆಯ ಟೊಳ್ಳು ತಾನಾಗಿ ತುಂಬಿಕೊಳ್ಳಬಹುದು. ಡಿ ವಿಟಮಿನ್ ಕೊರತೆ ಜೊತೆಗಿದ್ದರೆ ಕ್ಯಾಲ್ಸಿಯಂ ನಾರ್ಮಲ್ ಎಂದು ಬಂದು ದಾರಿ ತಪ್ಪಿಸುತ್ತದೆ. ಹಾಗಾಗಿ ಒಂದನ್ನೇ ನೋಡಿ ಬಿಡಬೇಡಿ.

ಕಿಡ್ನಿ ಕಾಯಿಲೆಯಲ್ಲಿ ಇವೆಲ್ಲ ಬೆರೆತು ಬರುತ್ತವೆ. ಬೆರಳಿನ ಅಂಚು ಕೊರೆದಿರುತ್ತದೆ, ರಕ್ತನಾಳಗಳಲ್ಲಿ ಸುಣ್ಣ ಕಟ್ಟಿರುತ್ತದೆ, ಬೆನ್ನುಮೂಳೆ ಪಟ್ಟೆ ಪಟ್ಟೆಯಾಗಿರುತ್ತದೆ. ಆ ಪಟ್ಟೆಯನ್ನು ಆಸ್ಟಿಯೋಪೋರೋಸಿಸ್ಸಿನ ಅಂಚಿನ ಜೊತೆ ಕಲಸಿಕೊಳ್ಳಬಾರದು. ಕಿಡ್ನಿ ಕಾಯಿಲೆಯಲ್ಲಿ ಪ್ರತಿ ಕಶೇರುವಿನ ಮೇಲೆ ಮತ್ತು ಕೆಳಗೆ ಅಗಲವಾದ, ಅಂಚು ಮಬ್ಬಾದ ಬಿಳಿ ಪಟ್ಟಿ ಇರುತ್ತದೆ. ಆಸ್ಟಿಯೋಪೋರೋಸಿಸ್ಸಿನಲ್ಲಿ ಅದು ಕೂದಲೆಳೆಯಷ್ಟು ತೆಳು.

ಮೂಳೆ ಬೆಳ್ಳಗಾದರೆ: ಫ್ಲೋರೋಸಿಸ್

ಮಸುಕಿನ ಬಗ್ಗೆ ಬರೆಯುವಾಗ ಇದನ್ನು ಬಿಟ್ಟರೆ ನಮ್ಮ ರಾಜ್ಯದ ಮಟ್ಟಿಗೆ ಮಾರ್ಗದರ್ಶಿ ಅಪೂರ್ಣ. ಗದಗ, ಕೊಪ್ಪಳ, ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಪಾವಗಡ, ಇಲ್ಲಿನ ಹಲವು ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿಯಿಲ್ಲದಿದ್ದರೆ 1.5ರವರೆಗೆ ಎಂಬುದು ಭಾರತೀಯ ಮಾನಕ. ಹೀಗೆ ಫ್ಲೋರೈಡ್ ಮೈಸೇರಿ ಬರುವ ಕಾಯಿಲೆಯೇ ಫ್ಲೋರೋಸಿಸ್. ಭಾರತದಲ್ಲಿ ಇದನ್ನು ಮೊದಲು ದಾಖಲಿಸಿದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಭಾಗದಲ್ಲಿ.

ಬೆನ್ನುಮೂಳೆ ಮತ್ತು ಪೆಲ್ವಿಸ್ ಸುಣ್ಣದಂತೆ ಬೆಳ್ಳಗಾಗುತ್ತವೆ. ಪ್ರೋಸ್ಟೇಟ್ ಕ್ಯಾನ್ಸರ್ ಹರಡಿದಾಗಲೂ ಮೂಳೆ ಬೆಳ್ಳಗಾಗುತ್ತದೆ, ಆದರೆ ಅದು ಹೆಚ್ಚಾಗಿ ಅಲ್ಲಲ್ಲಿ ತೇಪೆ ತೇಪೆಯಾಗಿರುತ್ತದೆ. ಫ್ಲೋರೋಸಿಸ್ಸಿನಲ್ಲಿ ಒಂದೇ ಸಮ, ಜೊತೆಗೆ ಲಿಗಮೆಂಟುಗಳಲ್ಲಿ ಸುಣ್ಣ. ಅನುಮಾನ ಬಂದರೆ ಮುಂಗೈ ಫಿಲ್ಮು ತೆಗೆಸಿ. ಎರಡು ಮೂಳೆಗಳ ನಡುವಿನ ಪೊರೆಯಲ್ಲಿ ಸುಣ್ಣ ಕಟ್ಟಿ ಮುಳ್ಳುಮುಳ್ಳಾಗಿದ್ದರೆ ಫ್ಲೋರೋಸಿಸ್ ಬಹುತೇಕ ಖಚಿತ. ಬೆನ್ನು ಬಿದಿರಿನಂತೆ ಬಿಗಿದಿರುವುದನ್ನು ನೋಡಿ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಎಂಬ ಬೆನ್ನಿನ ಕೀಲುರಿತ ಎಂದುಕೊಳ್ಳುವವರಿದ್ದಾರೆ. ಆ ಕಾಯಿಲೆಯಲ್ಲಿ, ಬೆನ್ನುಮೂಳೆ ಪೆಲ್ವಿಸ್ಸಿಗೆ ಸೇರುವ ಸೇಕ್ರೊಇಲಿಯಾಕ್ ಕೀಲಿನ ಅಂಚು ಮೊದಲು ಕೊರೆದು ಆಮೇಲೆ ಬೆಸೆದುಕೊಳ್ಳುತ್ತದೆ.

ಈ ಬಿಳಿ ಮೂಳೆ ಗಟ್ಟಿ ಮೂಳೆಯಲ್ಲ. ಡೆಕ್ಸಾದಲ್ಲಿ ಅಂಕಿ ಚೆನ್ನಾಗಿ ಬಂದರೂ ಅದು ಸುಲಭವಾಗಿ ಮುರಿಯಬಹುದು. ಊಟದಲ್ಲಿ ಕ್ಯಾಲ್ಸಿಯಂ ಕಡಿಮೆ ಇರುವ ಮಕ್ಕಳಲ್ಲಿ ಬೆನ್ನು ಬೆಳ್ಳಗಾಗಿ ಕಾಲಿನ ಮೂಳೆ ಮಸುಕಾಗಿ, ಮೊಣಕಾಲು ಒಂದಕ್ಕೊಂದು ತಾಗುವಂತೆ ಬಾಗುವುದೂ ಉಂಟು.

ಸಾಗರ ತಾಲ್ಲೂಕಿನ ಹಂದಿಗೋಡು ಕಾಯಿಲೆಯನ್ನೂ ಇಲ್ಲಿ ಹೆಸರಿಸುತ್ತೇನೆ. 1970ರ ದಶಕದಲ್ಲಿ ಬೆಳಕಿಗೆ ಬಂದ ಇದು ಸೊಂಟ, ಮೊಣಕಾಲುಗಳನ್ನು ಹಿಂಡುವ ಕಾಯಿಲೆ. ಇದು ಕೊರತೆಯಿಂದ ಬಂದದ್ದಲ್ಲ, ವಂಶದಲ್ಲಿ ಹರಿದುಬರುತ್ತದೆ. ಎಕ್ಸ್‌ರೇಯಲ್ಲಿ ಮೂಳೆಯ ತುದಿಗಳ ಆಕಾರವೇ ಕೆಟ್ಟಿರುತ್ತದೆ. ಪ್ಯಾಜೆಟ್ ಕಾಯಿಲೆ ನಮ್ಮಲ್ಲಿ ಅಪರೂಪ. ಒಂದೇ ಮೂಳೆ ದಪ್ಪಗಾಗಿ, ಉಬ್ಬಿ, ಎಳೆಗಳು ಒರಟಾದರೆ ಅದನ್ನು ನೆನೆಯಿರಿ.

ತಪ್ಪಿಸಿಕೊಳ್ಳಬಾರದ್ದು: ಮೈಲೋಮಾ

ಮೈಲೋಮಾ ಬರೀ ಮಸುಕು ಮತ್ತು ಕುಸಿದ ಕಶೇರುವಾಗಿ ಬಂದರೆ ಆಸ್ಟಿಯೋಪೋರೋಸಿಸ್ಸಿನಿಂದ ಬೇರೆ ಮಾಡಲು ಎಕ್ಸ್‌ರೇಯಿಂದ ಆಗದು. ಇದನ್ನು ಒಪ್ಪಿಕೊಂಡೇ ಮುಂದೆ ಹೋಗಬೇಕು. ಕೆಲವು ಸುಳಿವುಗಳಿವೆ: ಟಿ4ಕ್ಕಿಂತ ಮೇಲೆ ಒಂಟಿ ಕುಸಿತ, ಕಶೇರುವಿನ ಹಿಂದಿನ ಅಂಚು ಹೊರಕ್ಕೆ ಉಬ್ಬಿರುವುದು, ಎದುರಿನ ಫಿಲ್ಮಿನಲ್ಲಿ ಒಂದು ಕಡೆಯ ಪೆಡಿಕಲ್ (ಕಶೇರುವಿನ ಹಿಂಬದಿಯ ಗಿಡ್ಡ ಕಂಬ) ಕಾಣದಿರುವುದು, ತಲೆಬುರುಡೆಯಲ್ಲಿ ಪಂಚ್ ಮಾಡಿದಂಥ ತೂತುಗಳು. ಪೆಡಿಕಲ್ ಹೋಗಿದ್ದರೆ ಬೇರೆ ಕಡೆಯ ಕ್ಯಾನ್ಸರ್ ಹರಡಿರುವ ಅನುಮಾನ ಜಾಸ್ತಿ. ಬೆನ್ನು ಮುರಿತದ ಜೊತೆ ರಕ್ತಹೀನತೆ, ಏರಿದ ಇಎಸ್‌ಆರ್, ಏರಿದ ಕ್ರಿಯಾಟಿನಿನ್ ಅಥವಾ ಕ್ಯಾಲ್ಸಿಯಂ ಇದ್ದರೆ ಮೈಲೋಮಾದ ಪ್ರೋಟೀನನ್ನು ರಕ್ತದಲ್ಲಿ ಹುಡುಕುವ ಸೀರಂ ಪ್ರೋಟೀನ್ ಎಲೆಕ್ಟ್ರೋಫೊರೆಸಿಸ್ ಮಾಡಿಸಿ. ರಾತ್ರಿ ಮಲಗಿದಾಗಲೂ ಬಿಡದ ನೋವು ಮತ್ತು ತೂಕ ಇಳಿಕೆ ಇದ್ದರೆ ಎಂಆರ್‌ಐ ತಡಮಾಡಬೇಡಿ.

ಮುಂದೆ ಯಾವ ಪರೀಕ್ಷೆ?

ಆಸ್ಟಿಯೋಪೋರೋಸಿಸ್ ಅನುಮಾನಕ್ಕೆ ಡೆಕ್ಸಾ. ಸೊಂಟದ ಕಶೇರು ಮತ್ತು ತೊಡೆಮೂಳೆಯ ಕತ್ತು ಎರಡನ್ನೂ ಅಳೆಸಿ. 1994ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಾಕಿದ ಗೆರೆಯಂತೆ ಟಿ-ಸ್ಕೋರ್ (ಆರೋಗ್ಯವಂತ ಯುವಜನರ ಮೂಳೆಗೆ ಹೋಲಿಸಿದ ಅಂಕಿ) -2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೋಪೋರೋಸಿಸ್. ಇದು ಮುಟ್ಟು ನಿಂತವರಿಗೆ ಮತ್ತು 50 ದಾಟಿದ ಗಂಡಸರಿಗೆ. ಅದಕ್ಕಿಂತ ಚಿಕ್ಕವರಿಗೆ ಝೆಡ್-ಸ್ಕೋರ್, ಅಂದರೆ ಅದೇ ವಯಸ್ಸಿನವರಿಗೆ ಹೋಲಿಸಿದ ಅಂಕಿ, ನೋಡಬೇಕು. ವಯಸ್ಸಾದವರ ಬೆನ್ನಿನಲ್ಲಿ ಮುಳ್ಳು ಬೆಳೆದಿದ್ದರೆ, ಅಯೋರ್ಟಾ ಎಂಬ ದೊಡ್ಡ ರಕ್ತನಾಳದಲ್ಲಿ ಸುಣ್ಣವಿದ್ದರೆ, ಕಶೇರು ಕುಸಿದು ಒತ್ತೊತ್ತಾಗಿದ್ದರೆ ಬೆನ್ನಿನ ಅಂಕಿ ಸುಳ್ಳೇ ಚೆನ್ನಾಗಿ ಬರುತ್ತದೆ. ಆಗ ತೊಡೆಮೂಳೆಯ ಅಂಕಿಯನ್ನು ನಂಬಿ. ಪ್ಯಾರಾಥೈರಾಯ್ಡ್ ಅನುಮಾನವಿದ್ದರೆ ಮುಂಗೈಯನ್ನೂ ಅಳೆಸಿ. ಆಸ್ಟಿಯೋಮಲೇಶಿಯಾದಲ್ಲೂ ಡೆಕ್ಸಾ ಅಂಕಿ ಕೆಳಗೇ ಬರುತ್ತದೆ ಎಂಬುದು ನೆನಪಿರಲಿ. ಯಂತ್ರ ಖನಿಜ ಎಷ್ಟಿದೆ ಎಂದು ಹೇಳುತ್ತದೆ, ಯಾಕೆ ಕಡಿಮೆಯಾಯಿತು ಎಂದು ಹೇಳುವುದಿಲ್ಲ.

ಉಚಿತ ಶಿಬಿರಗಳಲ್ಲಿ ಹಿಮ್ಮಡಿಗೆ ಅಲ್ಟ್ರಾಸೌಂಡ್ ಇಟ್ಟು ಚೀಟಿ ಕೊಡುತ್ತಾರಲ್ವಾ, ಅದರಲ್ಲಿರುವ ಟಿ-ಸ್ಕೋರಿಗೆ -2.5ರ ಗೆರೆ ಅನ್ವಯಿಸುವುದಿಲ್ಲ. ಸಂಖ್ಯೆ ಕೆಟ್ಟದಾಗಿ ಬಂದರೆ ಡೆಕ್ಸಾ ಮಾಡಿಸಿ. ಚೀಟಿ ನೋಡಿ ಸುಮ್ನೆ ವರ್ಷಗಟ್ಟಲೆ ಮಾತ್ರೆ ನುಂಗಬೇಡಿ.

ದುಡ್ಡು ಕಡಿಮೆ ಇದ್ದರೆ ನಾನು ಆಯ್ದುಕೊಳ್ಳುವ ಕ್ರಮ ಹೀಗೆ: ಬೆನ್ನಿನ ಲ್ಯಾಟರಲ್ ಫಿಲ್ಮು, ಪೆಲ್ವಿಸ್ ಫಿಲ್ಮು, ಎರಡೂ ಕೈ ಒಂದೇ ಫಿಲ್ಮಿನಲ್ಲಿ. ಜೊತೆಗೆ ಹಿಮೋಗ್ಲೋಬಿನ್, ಇಎಸ್‌ಆರ್, ಕ್ಯಾಲ್ಸಿಯಂ, ಫಾಸ್ಫೇಟ್, ಆಲ್ಕಲೈನ್ ಫಾಸ್ಫಟೇಸ್, ಕ್ರಿಯಾಟಿನಿನ್. ಇವು ಜಿಲ್ಲಾ ಮಟ್ಟದಲ್ಲೇ ಆಗುತ್ತವೆ. ಡಿ ವಿಟಮಿನ್, ಪಿಟಿಎಚ್, ಡೆಕ್ಸಾ ಆಮೇಲೆ, ಮೊದಲ ಸುತ್ತು ಯಾವ ಕಡೆ ಕೈ ತೋರಿಸುತ್ತದೆ ಎಂದು ನೋಡಿಕೊಂಡು. ಮತ್ತೆ, ಎಕ್ಸ್‌ರೇ ಚೀಟಿಯಲ್ಲಿ ‘ಬೆನ್ನು ನೋವು’ ಎಂದಷ್ಟೇ ಬರೆದು ಕಳಿಸಬೇಡಿ. ವಯಸ್ಸು, ಮುಟ್ಟು ಯಾವಾಗ ನಿಂತಿತು, ಸ್ಟೀರಾಯ್ಡ್ ಅಥವಾ ಫಿಟ್ಸ್ ಮಾತ್ರೆ ಇದೆಯೇ, ಕಿಡ್ನಿ ತೊಂದರೆ ಇದೆಯೇ, ಯಾವ ಊರು, ಯಾವ ನೀರು ಕುಡಿಯುತ್ತಾರೆ, ಇಷ್ಟು ಬರೆಯಿರಿ. ಫಿಲ್ಮು ಓದುವವರು ಎಲ್ಲಿ ನೋಡಬೇಕು ಎಂಬುದು ಆ ಎರಡು ಸಾಲಿನಿಂದ ತಿಳಿಯುತ್ತದೆ.